ವಾಣಿಜ್ಯ ವಿದ್ಯಾರ್ಥಿಗಳೂ ದತ್ತಸಂಚಯದ ವ್ಯಾಸಂಗವೂ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರದೇಶದ ನಿದರ್ಶನಗಳೊಡನೆ

ವಾಣಿಜ್ಯಶಾಸ್ತ್ರವನ್ನು ಅಭ್ಯಸಿಸುವವರು ಲೆಕ್ಕಶಾಸ್ತ್ರದ ಜೊತೆಗೆ ದತ್ತಾಂಶಗಳ ನಿರ್ವಹಣೆಯನ್ನೂ ಕಲಿಯಬೇಕೆಂಬುದು ಇಂದು ವಿವಾದದ ವಿಷಯವಾಗಿ ಉಳಿದಿಲ್ಲ. ಅಂಗಡಿಯ ಬಿಲ್ಲು, ಬ್ಯಾಂಕಿನ ಖಾತೆ, ತೆರಿಗೆಯ ವಿವರಣಪತ್ರ, ಮಾರುಕಟ್ಟೆಯ ಹರಾಜು ಇವೆಲ್ಲವೂ ಗಣಕಯಂತ್ರದೊಳಗೆ ಸೇರಿರುವ ಕಾಲವಿದು. ಆದರೆ ಇದರಲ್ಲಿ ಮೊದಲು ಕಲಿಯಬೇಕಾದುದು ಯಾವುದು ಎಂಬ ಪ್ರಶ್ನೆ ಇನ್ನೂ ವಿಚಾರಾರ್ಹವಾಗಿಯೇ ಇದೆ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಒಂದು ತಂತ್ರಾಂಶವನ್ನು ತೆರೆಯುವುದನ್ನೂ, ಅದಕ್ಕೆ ಆಜ್ಞೆಗಳನ್ನು ಕೊಡುವುದನ್ನೂ ಮೊದಲು ಕಲಿಯುತ್ತಾರೆ. ತಾವು ತುಂಬುತ್ತಿರುವ ಕೋಷ್ಟಕದ ಅರ್ಥವೇನೆಂದು ಕೇಳುವ ಸಂದರ್ಭ ಕಡೆಗೆ ಬರುತ್ತದೆ, ಅಥವಾ ಬಾರದೆಯೇ ಹೋಗುತ್ತದೆ. ಈ ಕ್ರಮವನ್ನು ತಿರುಗಿಸಬೇಕೆಂಬುದು ನಮ್ಮ ಅಭಿಪ್ರಾಯ. ದಾಖಲೆಯ ಒಂದು ಸಾಲು ಯಾವ ವಸ್ತುವನ್ನು ಕುರಿತದ್ದು? ಆ ವಸ್ತುವನ್ನು ಉಳಿದವುಗಳಿಂದ ಬೇರ್ಪಡಿಸುವ ಗುರುತು ಯಾವುದು? ಒಂದು ಸಂಗತಿಯನ್ನು ಎಷ್ಟು ಕಡೆ ಬರೆದಿಟ್ಟಿದ್ದೇವೆ? ಈ ಮೂರು ಪ್ರಶ್ನೆಗಳು ಮೊದಲು, ಯಂತ್ರ ಆಮೇಲೆ.

ಇದಕ್ಕೆ ನಿದರ್ಶನಗಳನ್ನು ದೂರದ ಮಹಾನಗರಗಳಿಂದ ತರಬೇಕಾದ ಅಗತ್ಯವಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ಊರುಗಳ ವ್ಯವಹಾರದಲ್ಲಿಯೇ ಅವು ಬೇಕಾದಷ್ಟು ದೊರೆಯುತ್ತವೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ಬಳಿಕ ಎಡದಂಡೆ ಕಾಲುವೆಯ ಆಶ್ರಯದಲ್ಲಿ ಸಿಂಧನೂರು ಭತ್ತದ ವ್ಯಾಪಾರಕ್ಕೂ ಅಕ್ಕಿ ಗಿರಣಿಗಳಿಗೂ ಹೆಸರಾಯಿತು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿ ಒಂದು ಕಡೆ, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ಹೊಲಗಳು ಇನ್ನೊಂದು ಕಡೆ. ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ತೊಗರಿ, ಕಡಲೆ, ಜೋಳ, ಹತ್ತಿ. ಈ ಮೂರೂ ಊರುಗಳ ಕಾಲೇಜುಗಳಲ್ಲಿ ವಾಣಿಜ್ಯ ಪದವಿ ಪಡೆದವರಲ್ಲಿ ಅನೇಕರು ಮುಂದೆ ದಲಾಲಿ ಅಂಗಡಿಯಲ್ಲಿ, ಗಿರಣಿಯಲ್ಲಿ, ಸಹಕಾರ ಸಂಘದಲ್ಲಿ, ಬ್ಯಾಂಕಿನಲ್ಲಿ ಕುಳಿತು ರೈತರ ಹೆಸರುಗಳನ್ನು ಯಂತ್ರಕ್ಕೆ ಉಣಿಸತಕ್ಕವರು. ಅವರು ಬರೆಯುವ ಸಾಲು ತಪ್ಪಾದರೆ ಅದರ ಫಲವನ್ನು ಅನುಭವಿಸುವವನು ಅವರಲ್ಲ, ಆ ಸಾಲಿನಲ್ಲಿ ಹೆಸರಿರುವ ರೈತ. ವಿಷಯದ ಗುರುತ್ವ ಇರುವುದು ಇಲ್ಲಿ.

1. ಗುರುತಿನ ಪ್ರಶ್ನೆ

ಮಸ್ಕಿಯ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕನ ಕಿರುಶಾಸನ ಇರುವುದು ಸರ್ವವಿದಿತ. ಚಿನ್ನದ ನಿಕ್ಷೇಪಗಳನ್ನು ಅರಸುತ್ತಿದ್ದ ಸಿ. ಬೀಡನ್ ಎಂಬ ಇಂಜಿನಿಯರು 1915ರಲ್ಲಿ ಅದನ್ನು ಕಂಡರು, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದು ಸಂಸ್ಥಾನದ ಪುರಾತತ್ವ ಗ್ರಂಥಮಾಲೆಯಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸಿದರು. ಈ ಶಾಸನಕ್ಕೆ ಇಷ್ಟು ಮಹತ್ವ ಬಂದುದಕ್ಕೆ ಕಾರಣವನ್ನು ವಾಣಿಜ್ಯ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ಅರಸನು ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಮಾತ್ರ ಕರೆದುಕೊಂಡಿದ್ದ. ಪುರಾಣಗಳಲ್ಲಿಯೂ ಬೌದ್ಧ ಗ್ರಂಥಗಳಲ್ಲಿಯೂ ಅಶೋಕ ಎಂಬ ಹೆಸರು ಇತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದುವ ಮಾರ್ಗವನ್ನು ಕಂಡುಹಿಡಿದಾಗ, ಸಿಂಹಳದ ವಂಶಕಥೆಗಳ ಆಧಾರದ ಮೇಲೆ ಜಾರ್ಜ್ ಟರ್ನರ್ ಈ ಇಬ್ಬರೂ ಒಬ್ಬನೇ ಎಂದು ಸೂಚಿಸಿದ್ದರು. ಆದರೆ ಶಾಸನದ ಸಾಕ್ಷ್ಯವೇ ಆ ಎರಡು ಹೆಸರುಗಳನ್ನು ಒಂದುಗೂಡಿಸಿದ್ದು ಮಸ್ಕಿಯಲ್ಲಿ. ದೇವಾನಾಂಪ್ರಿಯ ಎಂಬ ಬಿರುದೂ ಅಶೋಕ ಎಂಬ ಹೆಸರೂ ಅಲ್ಲಿ ಒಟ್ಟಿಗೆ ಕಾಣಿಸಿಕೊಂಡವು. ಮುಂದೆ ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆಯಿತು.

ದತ್ತಾಂಶ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಇವು ಎರಡು ಕೋಷ್ಟಕಗಳು. ಒಂದರಲ್ಲಿ ಶಾಸನಗಳು, ಇನ್ನೊಂದರಲ್ಲಿ ವಂಶಾವಳಿಗಳು. ಎರಡಕ್ಕೂ ಸಮಾನವಾದ ಗುರುತು ಇಲ್ಲದಿದ್ದುದರಿಂದ ಒಂದರ ಸಾಲನ್ನು ಇನ್ನೊಂದರ ಸಾಲಿಗೆ ನಿಸ್ಸಂದೇಹವಾಗಿ ಜೋಡಿಸುವುದು ಕಷ್ಟವಾಗಿತ್ತು. ಮಸ್ಕಿಯ ಬಂಡೆ ಆ ಜೋಡಣೆಯ ಸಾಲನ್ನು ಒದಗಿಸಿತು.

ಇದೇ ಸಮಸ್ಯೆ ದಲಾಲಿ ಅಂಗಡಿಯ ಪುಸ್ತಕದಲ್ಲಿ ದಿನನಿತ್ಯ ಎದುರಾಗುತ್ತದೆ. ಬಸವರಾಜ, ಅಮರೇಶ, ಹನುಮಂತಪ್ಪ ಎಂಬ ಹೆಸರಿನವರು ಒಂದೊಂದು ಹಳ್ಳಿಯಲ್ಲಿಯೂ ಹಲವರಿರುತ್ತಾರೆ. ತಂದೆಯ ಹೆಸರನ್ನು ಸೇರಿಸಿದರೂ ಗೊಂದಲ ಪೂರ್ತಿಯಾಗಿ ಕಳೆಯುವುದಿಲ್ಲ. ಊರಿನ ಹೆಸರೇ ಲಿಂಗಸುಗೂರು, ಲಿಂಗಸೂಗೂರು, ಲಿಂಗಸ್ಗೂರು ಎಂದು ಬಗೆಬಗೆಯಾಗಿ ಬರೆಯಲ್ಪಡುತ್ತದೆ. ಓದುವ ಮನುಷ್ಯನಿಗೆ ಅವೆಲ್ಲ ಒಂದೇ ಊರು. ಅಕ್ಷರಗಳನ್ನು ಮಾತ್ರ ಹೋಲಿಸಬಲ್ಲ ಯಂತ್ರಕ್ಕೆ ಮೂರು ಬೇರೆ ಊರುಗಳು. ಆದುದರಿಂದ ಪ್ರತಿಯೊಂದು ವಸ್ತುವಿಗೂ ಪುನರಾವರ್ತಿಸದ, ಬದಲಾಗದ ಒಂದು ಗುರುತನ್ನು ಕೊಡಬೇಕು. ಇದನ್ನೇ ಪ್ರಧಾನ ಗುರುತು ಅಥವಾ ಪ್ರೈಮರಿ ಕೀ ಎನ್ನುತ್ತಾರೆ. ಕರ್ನಾಟಕ ಸರ್ಕಾರದ ಫ್ರೂಟ್ಸ್ ಎಂಬ ನೋಂದಣಿ ವ್ಯವಸ್ಥೆಯಲ್ಲಿ ರೈತನಿಗೆ ಎಫ್.ಐ.ಡಿ. ಎಂಬ ಸಂಖ್ಯೆಯನ್ನು ಕೊಟ್ಟಿರುವುದು ಈ ಉದ್ದೇಶದಿಂದಲೇ.

ಕೆಲವೊಮ್ಮೆ ಒಂದೇ ಅಂಶ ಗುರುತಾಗಲಾರದು. ಜಮೀನಿನ ಸರ್ವೆ ನಂಬರನ್ನು ತೆಗೆದುಕೊಳ್ಳೋಣ. ಸರ್ವೆ ನಂಬರ್ 45 ಎಂದರೆ ಯಾವ ಹೊಲವೆಂದು ಹೇಳಲಾಗದು, ಏಕೆಂದರೆ ಆ ಸಂಖ್ಯೆ ಅನೇಕ ಗ್ರಾಮಗಳಲ್ಲಿ ಇದೆ. ಗ್ರಾಮ, ಸರ್ವೆ ನಂಬರ್, ಹಿಸ್ಸಾ ಇವು ಮೂರೂ ಕೂಡಿದಾಗಲೇ ಹೊಲ ಒಂದೇ ಎಂದು ನಿಶ್ಚಯವಾಗುತ್ತದೆ. ಇದು ಸಂಯುಕ್ತ ಗುರುತು. ನಮ್ಮ ಹಿರಿಯರು ಪಹಣಿಯನ್ನು ಓದುವಾಗ ಈ ನಿಯಮವನ್ನು ಹೆಸರು ತಿಳಿಯದೆಯೇ ಪಾಲಿಸುತ್ತ ಬಂದಿದ್ದಾರೆ.

2. ಒಂದು ಸಂಗತಿ, ಒಂದು ಸ್ಥಳ

ಒಂದು ಅಂಗಡಿಯ ಆವಕ ಪುಸ್ತಕವನ್ನು ಕಲ್ಪಿಸಿಕೊಳ್ಳೋಣ. ಪ್ರತಿ ಸಾಲಿನಲ್ಲಿ ದಿನಾಂಕ, ರೈತನ ಹೆಸರು, ಗ್ರಾಮ, ತಾಲ್ಲೂಕು, ಸರಕು, ಚೀಲಗಳ ಸಂಖ್ಯೆ, ದರ ಇಷ್ಟೂ ಬರೆದಿವೆ. ನೋಡುವುದಕ್ಕೆ ಇದು ಅನುಕೂಲವಾಗಿಯೇ ಇದೆ. ಆದರೆ ಮಸ್ಕಿಯ ರೈತನೊಬ್ಬನು ಇಪ್ಪತ್ತು ಸಲ ಸರಕು ತಂದರೆ, ಮಸ್ಕಿ ಯಾವ ತಾಲ್ಲೂಕಿಗೆ ಸೇರಿದೆ ಎಂಬ ಒಂದೇ ಸಂಗತಿ ಇಪ್ಪತ್ತು ಸಲ ಬರೆಯಲ್ಪಡುತ್ತದೆ.

ಇದರಿಂದ ಆಗುವ ಹಾನಿಯೇನು ಎಂಬುದನ್ನು ಈ ಪ್ರದೇಶದ ಇತ್ತೀಚಿನ ಚರಿತ್ರೆಯೇ ತೋರಿಸಿಕೊಟ್ಟಿದೆ. ಮಸ್ಕಿಯು ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದಿತು. 2017-18ರ ರಾಜ್ಯದ ಮುಂಗಡಪತ್ರದಲ್ಲಿ 49 ಹೊಸ ತಾಲ್ಲೂಕುಗಳು ಘೋಷಿತವಾದವು. ಅವುಗಳಲ್ಲಿ ಮಸ್ಕಿಯೂ ಒಂದು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳು ಹೊಸ ತಾಲ್ಲೂಕಿಗೆ ಬಂದವು. ಈಗ ನಮ್ಮ ಅಂಗಡಿಯ ಗುಮಾಸ್ತನು ಮಾಡಬೇಕಾದುದೇನು? ಸಾವಿರಾರು ಸಾಲುಗಳಲ್ಲಿ ತಾಲ್ಲೂಕಿನ ಹೆಸರನ್ನು ತಿದ್ದಬೇಕು. ಕೆಲವನ್ನು ತಿದ್ದಿ ಕೆಲವನ್ನು ಮರೆತರೆ ಒಂದೇ ಹಳ್ಳಿ ಒಂದು ಪುಟದಲ್ಲಿ ಲಿಂಗಸುಗೂರಿಗೂ ಇನ್ನೊಂದು ಪುಟದಲ್ಲಿ ಮಸ್ಕಿಗೂ ಸೇರಿದಂತಾಗುತ್ತದೆ. ಎರಡರಲ್ಲಿ ಯಾವುದು ನಿಜವೆಂದು ಪುಸ್ತಕವೇ ಹೇಳಲಾರದು. ಇದು ತಿದ್ದುಪಡಿಯ ದೋಷ.

ಇದರ ಜೊತೆಗೆ ಇನ್ನೆರಡು ದೋಷಗಳುಂಟು. ಇನ್ನೂ ಯಾವ ರೈತನೂ ಸರಕು ತಂದಿರದ ಹಳ್ಳಿಯ ತಾಲ್ಲೂಕನ್ನು ಆ ಪುಸ್ತಕದಲ್ಲಿ ಬರೆಯುವುದಕ್ಕೆ ಸ್ಥಳವೇ ಇಲ್ಲ. ಇದು ಸೇರ್ಪಡೆಯ ದೋಷ. ಒಂದು ಹಳ್ಳಿಯಿಂದ ಬಂದ ಏಕೈಕ ಸಾಲನ್ನು ಅಳಿಸಿದರೆ ಆ ಹಳ್ಳಿಯ ತಾಲ್ಲೂಕು ಯಾವುದೆಂಬ ತಿಳಿವಳಿಕೆಯೂ ಅದರೊಡನೆ ಅಳಿಸಿಹೋಗುತ್ತದೆ. ಇದು ಅಳಿಸುವಿಕೆಯ ದೋಷ.

ಪರಿಹಾರ ಸರಳವಾದುದು. ಒಂದು ಕೋಷ್ಟಕವನ್ನು ನಾಲ್ಕಾಗಿ ವಿಭಾಗಿಸಬೇಕು: ತಾಲ್ಲೂಕು, ಗ್ರಾಮ, ರೈತ, ಆವಕ. ಗ್ರಾಮದ ಸಾಲಿನಲ್ಲಿ ತಾಲ್ಲೂಕಿನ ಗುರುತು, ರೈತನ ಸಾಲಿನಲ್ಲಿ ಗ್ರಾಮದ ಗುರುತು, ಆವಕದ ಸಾಲಿನಲ್ಲಿ ರೈತನ ಗುರುತು ಇದ್ದರೆ ಸಾಕು. ಹೀಗೆ ಒಂದು ಕೋಷ್ಟಕದಲ್ಲಿ ನಿಂತು ಇನ್ನೊಂದನ್ನು ತೋರಿಸುವ ಗುರುತಿಗೆ ಅನ್ಯ ಗುರುತು ಅಥವಾ ಫಾರಿನ್ ಕೀ ಎಂದು ಹೆಸರು. ಈ ಏರ್ಪಾಡಿನಲ್ಲಿ ಹಳ್ಳಿಯೊಂದು ಮಸ್ಕಿ ತಾಲ್ಲೂಕಿಗೆ ಸೇರಿತೆಂದರೆ ತಿದ್ದಬೇಕಾದುದು ಗ್ರಾಮದ ಕೋಷ್ಟಕದ ಒಂದೇ ಸಾಲು. ಉಳಿದ ಸಾವಿರಾರು ಸಾಲುಗಳನ್ನು ಮುಟ್ಟಬೇಕಾದುದಿಲ್ಲ. ನವೆಂಬರ್ ತಿಂಗಳಲ್ಲಿ ಮಸ್ಕಿ ತಾಲ್ಲೂಕಿನ ರೈತರು ತಂದ ಭತ್ತವೆಷ್ಟು ಎಂದು ಕೇಳಿದಾಗ ಯಂತ್ರವು ಆವಕದಿಂದ ರೈತನಿಗೆ, ರೈತನಿಂದ ಗ್ರಾಮಕ್ಕೆ, ಗ್ರಾಮದಿಂದ ತಾಲ್ಲೂಕಿಗೆ ಗುರುತುಗಳನ್ನು ಹಿಡಿದು ನಡೆದು ಉತ್ತರವನ್ನು ಕೊಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗುರುತಿನ ಸಂಖ್ಯೆಯೊಳಗೆ ಅರ್ಥವನ್ನು ಅಡಗಿಸಿಡುವ ಅಭ್ಯಾಸ ಅನೇಕರಲ್ಲಿದೆ. ತಾಲ್ಲೂಕಿನ ಮೊದಲಕ್ಷರ, ಹಳ್ಳಿಯ ಮೊದಲಕ್ಷರ, ಆಮೇಲೆ ಕ್ರಮಸಂಖ್ಯೆ ಎಂದು ಜೋಡಿಸುತ್ತಾರೆ. ತಾಲ್ಲೂಕು ಬದಲಾದ ದಿನ ಆ ಗುರುತು ಸುಳ್ಳು ನುಡಿಯತೊಡಗುತ್ತದೆ. ಬದಲಾಗಬಹುದಾದುದನ್ನು ಗುರುತಿನೊಳಗೆ ಸೇರಿಸಬಾರದು.

ಈ ವಿಚಾರಗಳಿಗೆ ಶಾಸ್ತ್ರೀಯ ರೂಪವನ್ನು ಕೊಟ್ಟವರು ಐ.ಬಿ.ಎಂ. ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್. ಅದಕ್ಕೆ ಮುಂಚೆ ದಾಖಲೆಗಳನ್ನು ಕೊಂಡಿಗಳಿಂದ ಒಂದಕ್ಕೊಂದು ಹೆಣೆದಿಡುತ್ತಿದ್ದರು. ಬೇಕಾದ ಮಾಹಿತಿಯನ್ನು ತಲಪುವ ದಾರಿಯನ್ನು ಪ್ರೋಗ್ರಾಂ ಬರೆಯುವವನೇ ತಿಳಿದಿರಬೇಕಾಗಿತ್ತು. ಕಾಡ್ ಅವರು 1970ರ ತಮ್ಮ ಪ್ರಬಂಧದಲ್ಲಿ ದತ್ತಾಂಶಗಳೆಲ್ಲವನ್ನೂ ಕೋಷ್ಟಕಗಳಾಗಿ, ಅಂದರೆ ಗಣಿತದ ಸಂಬಂಧಗಳಾಗಿ ಭಾವಿಸಬಹುದೆಂದೂ, ಕೇಳುವವನು ತನಗೇನು ಬೇಕೆಂದು ಹೇಳಿದರೆ ಸಾಕು, ದಾರಿಯನ್ನು ಯಂತ್ರವೇ ಹುಡುಕಿಕೊಳ್ಳಬಹುದೆಂದೂ ತೋರಿಸಿದರು. ಕೋಷ್ಟಕಗಳನ್ನು ವಿಭಾಗಿಸುವ ನಿಯಮಗಳಿಗೆ ನಾರ್ಮಲೈಸೇಶನ್ ಎಂದು ಹೆಸರಾಯಿತು. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಇವರು ರೂಪಿಸಿದ ಪ್ರಶ್ನಭಾಷೆಯೇ ಮುಂದೆ ಎಸ್.ಕ್ಯೂ.ಎಲ್. ಎಂದು ಪ್ರಸಿದ್ಧವಾಯಿತು, 1986ರಲ್ಲಿ ಅದಕ್ಕೆ ಅಮೆರಿಕದ ಪ್ರಮಾಣಕ ಮನ್ನಣೆ ದೊರೆಯಿತು. ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿಯುವ ಆಜ್ಞೆಗಳು ಈ ಭಾಷೆಯವು. ಅವುಗಳ ಹಿಂದಿನ ವಿಚಾರ ಮಾತ್ರ ಆವಕ ಪುಸ್ತಕವನ್ನು ಬಲ್ಲ ಯಾರಿಗೂ ಅಪರಿಚಿತವಾದುದಲ್ಲ.

3. ಕಾಲ ಮತ್ತು ಅಳತೆ

ಗ್ರಾಮದ ಕೋಷ್ಟಕದಲ್ಲಿ ಒಂದು ಸಾಲನ್ನು ತಿದ್ದಿದರೆ ಸಾಕೆಂದೆವು. ಆದರೆ ಹಾಗೆ ತಿದ್ದುವಾಗ ಹಳೆಯ ಸಂಗತಿ ಅಳಿದುಹೋಗುವುದಷ್ಟೆ? 2011ರ ಜನಗಣತಿಯಲ್ಲಿ ಮಸ್ಕಿ ಪಟ್ಟಣದ ಜನಸಂಖ್ಯೆ ಲಿಂಗಸುಗೂರು ತಾಲ್ಲೂಕಿನ ಲೆಕ್ಕದಲ್ಲಿದೆ. ಆ ಗಣತಿಯ ಲಿಂಗಸುಗೂರನ್ನು ಇಂದಿನ ಲಿಂಗಸುಗೂರಿನೊಡನೆ ಹೋಲಿಸಿ ತಾಲ್ಲೂಕಿನ ವ್ಯಾಪಾರ ಕುಗ್ಗಿತೆಂದು ಬರೆದರೆ, ಅದು ಗಡಿ ಬದಲಾದುದನ್ನು ವ್ಯಾಪಾರ ಬದಲಾಯಿತೆಂದು ತಿಳಿದಂತೆ. ಜಿಲ್ಲೆಗೂ ಇದು ಅನ್ವಯಿಸುತ್ತದೆ. 1997ರಲ್ಲಿ ಕೊಪ್ಪಳ ಜಿಲ್ಲೆ ಬೇರೆಯಾಗುವುದಕ್ಕೆ ಮುಂಚಿನ ರಾಯಚೂರೂ ಅನಂತರದ ರಾಯಚೂರೂ ಒಂದೇ ಅಲ್ಲ. ಹಿಂದಕ್ಕೆ ಹೋದರೆ ಇದೇ ನೆಲ ಹೈದರಾಬಾದು ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1947ರಲ್ಲಿ ಹೈದರಾಬಾದಿನ ಹೆಸರಿನಲ್ಲಿ ಸ್ಥಾಪಿತವಾದ ಚಿನ್ನದ ಗಣಿ ಕಂಪನಿಯೇ ಮುಂದೆ ಹಟ್ಟಿಯ ಹೆಸರನ್ನು ತಳೆಯಿತು. ಹೆಸರು ಬೇರೆಯಾದರೂ ಕಂಪನಿ ಅದೇ. ಆದುದರಿಂದ ಬದಲಾಗುವ ಸಂಗತಿಯ ಜೊತೆಗೆ ಅದು ಯಾವ ದಿನದಿಂದ ಯಾವ ದಿನದವರೆಗೆ ಸತ್ಯ ಎಂಬುದನ್ನೂ ಬರೆಯಬೇಕು. ಗ್ರಾಮದ ಗುರುತು ಸ್ಥಿರ, ತಾಲ್ಲೂಕು ಅವಧಿಗೊಳಪಟ್ಟದ್ದು.

ಅಳತೆಯ ವಿಷಯದಲ್ಲಿಯೂ ಹೀಗೆಯೇ. ಈ ಭಾಗದಲ್ಲಿ ಭತ್ತದ ಮಾತುಕತೆ 75 ಕಿಲೋಗ್ರಾಂ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಸರ್ಕಾರದ ಬೆಂಬಲ ಬೆಲೆ ಪ್ರಕಟವಾಗುವುದು ಕ್ವಿಂಟಲಿನ ಲೆಕ್ಕದಲ್ಲಿ. 2024-25ನೆಯ ಸಾಲಿನಲ್ಲಿ ಸಾಮಾನ್ಯ ಭತ್ತದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 2300 ರೂಪಾಯಿ ಇದ್ದಿತು. ಅಂದರೆ ಚೀಲಕ್ಕೆ 1725 ರೂಪಾಯಿ. ರೈತನೊಬ್ಬನು 40 ಚೀಲ ತಂದನೆನ್ನೋಣ. ತೂಕ 30 ಕ್ವಿಂಟಲ್, ಆ ದರದಲ್ಲಿ ಹಣ 69,000 ರೂಪಾಯಿ. ಪ್ರಮಾಣ ಎಂಬ ಕಲಮಿನಲ್ಲಿ 40 ಎಂದು ಮಾತ್ರ ಬರೆದು, ಓದುವವನು ಅದನ್ನು ಕ್ವಿಂಟಲೆಂದು ಭಾವಿಸಿದರೆ ಲೆಕ್ಕ 92,000 ರೂಪಾಯಿ ಆಗುತ್ತದೆ. 23,000 ರೂಪಾಯಿಗಳ ಈ ಅಂತರಕ್ಕೆ ಕಾರಣ ಕೂಡಿಸುವ ತಪ್ಪಲ್ಲ, ಕಳೆಯುವ ತಪ್ಪಲ್ಲ. ಅಳತೆಯ ಹೆಸರನ್ನು ಬರೆಯದ ತಪ್ಪು. ಸರಕಿನ ಹೆಸರಿನಲ್ಲಿಯೂ ಜಾಗರೂಕತೆ ಬೇಕು. ಸೋನಾ ಮಸೂರಿ ಎಂಬುದು ಮಾರುಕಟ್ಟೆಯ ಮಾತು, ಬಿ.ಪಿ.ಟಿ. 5204 ಎಂಬುದು ತಳಿಯ ಹೆಸರು. ಎರಡನ್ನೂ ಒಂದೇ ಕಲಮಿನಲ್ಲಿ ಮನಬಂದಂತೆ ಬರೆದರೆ ವರ್ಷದ ಕೊನೆಯಲ್ಲಿ ತಳಿವಾರು ಲೆಕ್ಕ ಸಿಕ್ಕದು.

4. ವ್ಯವಹಾರದ ಅಖಂಡತೆ

ಒಂದು ವಿಷಯದಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಗಣಕವಿಜ್ಞಾನದ ವಿದ್ಯಾರ್ಥಿಗಳಿಗಿಂತ ಮುಂದಿರುತ್ತಾರೆ. ಅವರು ಜೋಡಿ ನಮೂದಿನ ಪದ್ಧತಿಯನ್ನು ಬಲ್ಲರು. 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಗ್ರಂಥದಲ್ಲಿ ಲೂಕಾ ಪಚೋಲಿ ವಿವರಿಸಿದ ಆ ಪದ್ಧತಿಯ ಪ್ರಕಾರ ಖರ್ಚು ಒಂದು ಕಡೆ ಬರೆದರೆ ಜಮೆ ಇನ್ನೊಂದು ಕಡೆ ಬರಲೇಬೇಕು. ದತ್ತಸಂಚಯದಲ್ಲಿ ಟ್ರಾನ್ಸಾಕ್ಷನ್ ಎಂಬ ಮಾತಿನ ಅರ್ಥವೂ ಬಹುಮಟ್ಟಿಗೆ ಇದೇ. ಅಂಗಡಿಯ ಖಾತೆಯಿಂದ ಹಣ ಕಳೆಯಬೇಕು, ರೈತನ ಖಾತೆಗೆ ಸೇರಬೇಕು. ಮೊದಲ ಕೆಲಸವಾಗಿ ಎರಡನೆಯದು ಆಗುವ ಮುನ್ನ ವಿದ್ಯುತ್ತು ನಿಂತರೆ? ಹಣ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ಆದುದರಿಂದ ಎರಡೂ ನಡೆಯಬೇಕು, ಇಲ್ಲವೇ ಎರಡೂ ನಡೆಯದಂತಿರಬೇಕು. ಈ ನಿಯಮವನ್ನು ಯಂತ್ರಗಳಲ್ಲಿ ನೆಲೆಗೊಳಿಸುವ ಕಾರ್ಯದಲ್ಲಿ ಪ್ರಮುಖರಾದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

5. ಯಂತ್ರವು ತಪ್ಪನ್ನು ತಿದ್ದುವುದಿಲ್ಲ

ಕರ್ನಾಟಕದ ಭೂಮಿ ಯೋಜನೆಯನ್ನು ಬೋಧಿಸದೆ ಈ ವಿಷಯದ ಪಾಠ ಪೂರ್ಣವಾಗಲಾರದು. ಕೈಬರಹದ ಪಹಣಿಗಳು ಗ್ರಾಮಲೆಕ್ಕಿಗರ ಬಳಿ ಇದ್ದ ಕಾಲದಲ್ಲಿ ಅವುಗಳ ನಕಲನ್ನು ಪಡೆಯುವುದು ರೈತನಿಗೆ ಸುಲಭವಾಗಿರಲಿಲ್ಲ. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸುವ ಕಾರ್ಯ 2002ರ ಹೊತ್ತಿಗೆ ರಾಜ್ಯಾದ್ಯಂತ ಮುಗಿಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹಣ ಕೊಟ್ಟು ಪಹಣಿ ಪಡೆಯುವಂತಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಹೆಸರಿನಲ್ಲಿ, ವಿಸ್ತೀರ್ಣದಲ್ಲಿ ತಪ್ಪುಗಳಿದ್ದ ಕಡೆ ಆ ತಪ್ಪುಗಳೂ ಯಂತ್ರವನ್ನು ಸೇರಿದವು. ಅವುಗಳ ತಿದ್ದುಪಡಿಗಾಗಿ ಕಂದಾಯ ಅದಾಲತ್ತುಗಳನ್ನು ನಡೆಸಬೇಕಾಯಿತು. ಕಾಗದದ ಮೇಲಿನ ತಪ್ಪನ್ನು ನೋಡಿದವರು ಅನುಮಾನಪಡುತ್ತಿದ್ದರು. ಅಚ್ಚಾದ ಅಕ್ಷರದ ಮೇಲೆ ಜನರಿಗೆ ನಂಬಿಕೆ ಹೆಚ್ಚು. ಪಹಣಿಯಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾಗಿ ಆಧಾರ್ ಚೀಟಿಯಲ್ಲಿನ ಹೆಸರಿಗೆ ಹೊಂದದಿದ್ದರೆ ಸಾಲಕ್ಕೆ, ಪರಿಹಾರಕ್ಕೆ, ಬೆಂಬಲ ಬೆಲೆಯ ಖರೀದಿಗೆ ರೈತನು ಓಡಾಡಬೇಕಾಗುತ್ತದೆ. ಬಿತ್ತನೆಯ ದಿನಗಳಲ್ಲಿ ಹೀಗೆ ಕಚೇರಿಯ ಮುಂದೆ ಕಳೆದ ಒಂದು ವಾರವನ್ನು ಯಾವ ತಿದ್ದುಪಡಿಯೂ ಹಿಂದಕ್ಕೆ ಕೊಡಲಾರದು.

6. ಬೋಧನೆಯ ಕ್ರಮ

ಮೇಲಿನ ವಿಚಾರಗಳನ್ನು ಆಧರಿಸಿ ಅಧ್ಯಾಪಕರ ಪರಿಶೀಲನೆಗಾಗಿ ಒಂದು ಕ್ರಮವನ್ನು ಸೂಚಿಸುತ್ತೇವೆ. ಮೊದಲ ವಾರ ಯಂತ್ರವನ್ನು ತೆರೆಯುವುದು ಬೇಡ. ವಿದ್ಯಾರ್ಥಿಗಳು ಮಾರುಕಟ್ಟೆಯ ಪ್ರಾಂಗಣಕ್ಕೆ ಹೋಗಿ ಅಂಗಡಿಯ ಚೀಟಿಯೊಂದರಲ್ಲಿ ಯಾವ ಯಾವ ಕಲಮುಗಳಿವೆ ಎಂಬುದನ್ನು ಬರೆದುಕೊಂಡು ಬರಲಿ. ಎರಡನೆಯ ವಾರ ಪ್ರತಿಯೊಂದು ಕಲಮಿನ ಮುಂದೆ ಅದು ಯಾವ ವಸ್ತುವಿನ ಲಕ್ಷಣ ಎಂದು ಗುರುತಿಸಲಿ: ಇದು ರೈತನದೋ, ಗ್ರಾಮದ್ದೋ, ಸರಕಿನದೋ, ಆ ದಿನದ ವ್ಯವಹಾರದ್ದೋ? ಮೂರನೆಯ ವಾರ ಕಾಗದದ ಮೇಲೆಯೇ ಕೋಷ್ಟಕಗಳನ್ನು ವಿಭಾಗಿಸಿ ಗುರುತುಗಳನ್ನು ನಿಶ್ಚಯಿಸಲಿ. ಆಮೇಲೆ ಒಂದು ಪರೀಕ್ಷೆ: ನಾಳೆ ಒಂದು ಹಳ್ಳಿಯ ತಾಲ್ಲೂಕು ಬದಲಾದರೆ ಎಷ್ಟು ಕಡೆ ತಿದ್ದಬೇಕಾಗುತ್ತದೆ? ಉತ್ತರ ಒಂದಕ್ಕಿಂತ ಹೆಚ್ಚಾದರೆ ಕೆಲಸ ಇನ್ನೂ ಮುಗಿದಿಲ್ಲ. ಇಷ್ಟಾದ ಮೇಲೆ ಎಸ್.ಕ್ಯೂ.ಎಲ್. ಕಲಿಸಿದರೆ ಆಜ್ಞೆಗಳು ಕಂಠಪಾಠದ ವಿಷಯವಾಗದೆ, ತಮಗೆ ಗೊತ್ತಿರುವ ಪ್ರಶ್ನೆಯನ್ನು ಕೇಳುವ ಸಾಧನಗಳಾಗುತ್ತವೆ.

ಈ ಅಭ್ಯಾಸದಲ್ಲಿ ನಿಜವಾದ ರೈತರ ಹೆಸರು, ಫೋನ್ ಸಂಖ್ಯೆ, ಆಧಾರ್ ಸಂಖ್ಯೆಗಳನ್ನು ನಕಲು ಮಾಡಿಕೊಳ್ಳಕೂಡದು. ಕಲ್ಪಿತ ಹೆಸರುಗಳು ಸಾಕು. ಆಧಾರ್ ಸಂಖ್ಯೆ ಎಲ್ಲರಿಗೂ ಬೇರೆಬೇರೆಯಾಗಿದೆಯೆಂಬ ಕಾರಣಕ್ಕೆ ಅದನ್ನೇ ಅಂಗಡಿಯ ಪ್ರಧಾನ ಗುರುತಾಗಿ ಮಾಡುವ ಪ್ರಲೋಭನೆಯೂ ಸಲ್ಲದು. ಅಂಗಡಿ ತನ್ನದೇ ಆದ ಕ್ರಮಸಂಖ್ಯೆಯನ್ನು ಕೊಟ್ಟುಕೊಳ್ಳಬಹುದು. ವೈಯಕ್ತಿಕ ದತ್ತಾಂಶಗಳ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾಯಿದೆಯನ್ನು ಮಾಡಿದೆ; ಆದರೆ ಕಾಯಿದೆಗಿಂತ ಮೊದಲು ಇದು ವ್ಯವಹಾರದ ಮರ್ಯಾದೆ. ರೈತನು ತನ್ನ ವಿವರಗಳನ್ನು ಕೊಡುವುದು ಭತ್ತ ಮಾರುವುದಕ್ಕೆ, ಊರಿಗೆಲ್ಲ ಹಂಚುವುದಕ್ಕಲ್ಲ.

ತಂತ್ರಾಂಶಗಳು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತವೆ. ಇಂದು ಕಲಿತ ಗುಂಡಿಗಳು ನಾಳೆ ಇರಲಾರವು. ಆದರೆ ಇದು ಯಾರ ದಾಖಲೆ, ಇವನೂ ಅವನೂ ಒಬ್ಬನೇ ಹೌದೋ ಅಲ್ಲವೋ ಎಂಬ ಪ್ರಶ್ನೆ ಹಳತಾಗುವುದಿಲ್ಲ. ಮಸ್ಕಿಯ ಬಂಡೆಯ ಮೇಲೆ ಒಂದು ಹೆಸರು ಸೇರಿದ್ದುದರಿಂದ ಒಬ್ಬ ಅರಸನ ಗುರುತಿನ ಸಂದೇಹ ತೀರಿತು. ಅದೇ ಊರಿನ ಮಾರುಕಟ್ಟೆಯಲ್ಲಿ ಚೀಲವನ್ನು ಇಳಿಸಿ ಚೀಟಿಗಾಗಿ ಕಾಯುತ್ತಿರುವ ರೈತನ ಗುರುತೂ ಅಷ್ಟೇ ನಿಸ್ಸಂದೇಹವಾಗಿರಬೇಕು. ಅದನ್ನು ಹಾಗೆ ಇರಿಸುವ ಹೊಣೆ ನಮ್ಮ ವಿದ್ಯಾರ್ಥಿಗಳದು. ಅದನ್ನು ಅವರಿಗೆ ಮನಗಾಣಿಸುವ ಹೊಣೆ ನಮ್ಮದು.